ಭೀಮಕ್ಕನ ಕಾಲಿಗೆ ದೂರವಾದ ಊರು

ಚನ್ನಗಿರಿಯ ಹಳೇ ಪೇಟೆಯಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಯಾರಿಗೆ ಹೆರಿಗೆ ನೋವು ಬಂದರೂ ಒಲೆಯ ಮೇಲಿನ ನೀರು ಕಾಯುವಷ್ಟರಲ್ಲಿ ಸೂಲಗಿತ್ತಿ ಭೀಮಕ್ಕ ಅಲ್ಲಿರುತ್ತಿದ್ದಳು.

ಸಾವಿರದ ಒಂಬೈನೂರ ಎಂಬತ್ತರ ಹೊತ್ತಿಗೆ ಅಡಿಕೆ ವ್ಯಾಪಾರಿಗಳು ಎರಡು ಮೈಲಿ ಆಚೆ, ಬಯಲಲ್ಲಿ ದೂರದೂರ ಮನೆ ಕಟ್ಟಿಕೊಂಡು ಹೋದರು. ಅಂಗಡಿ, ಮಂಡಿಗಳೆಲ್ಲ ಪೇಟೆಯಲ್ಲೇ ಉಳಿದವು. ಹಾಗಾಗಿ ಉಪ್ಪು ತರಲೂ ಅವರಿಗೆ ಕಾರು, ಮೋಟಾರ್ ಸೈಕಲ್ಲು ಬೇಕಾಯಿತು. ಅವೆಲ್ಲ ಓಡಾಡಿದ್ದು ಭೀಮಕ್ಕನ ಬಾಗಿಲ ಮುಂದೆಯೇ. ಹೊಗೆ, ಧೂಳು ಕುಡಿದು ನಾಲ್ಕೇ ವರ್ಷಕ್ಕೆ ಅವಳಿಗೆ ದಮ್ಮು ಹತ್ತಿತು.

ಒಂದು ಮಧ್ಯಾಹ್ನ ಹೊಸ ಬಡಾವಣೆಯಿಂದ ಕೊಟ್ರಮ್ಮ ಬಿಸಿಲಲ್ಲಿ ಓಡಿ ಬಂದರು.

"ಸೊಸೆಗೆ ನೋವು ಶುರುವಾಗೈತೆ ಭೀಮಕ್ಕ. ಮಗ ಕಾರು ತಗೊಂಡು ಶಿವಮೊಗ್ಗಕ್ಕೆ ಹೋಗ್ಯಾನೆ. ಕೂಗಿದರೆ ಕೇಳಾಕೆ ಅಕ್ಕಪಕ್ಕ ಒಂದು ಮನೆ ಇಲ್ಲ."

"ನೀವು ಮುಂದೆ ಓಡ್ರಿ ಅಮ್ಮಾರೆ, ಹಿಂದೇನೇ ಬರ್ತೀನಿ," ಅಂದಳು ಭೀಮಕ್ಕ.

ಆದರೆ ಪ್ರತಿ ಗಾಡಿಯ ಧೂಳಿಗೂ ಕೆಮ್ಮು ಒತ್ತರಿಸಿ ಬಂದು, ದಾರಿಯಲ್ಲಿ ಮೂರು ಸಲ ಕೂತಳು. ಅವಳು ಮನೆ ಮುಟ್ಟುವಷ್ಟರಲ್ಲಿ ಮಗು ಕೊಟ್ರಮ್ಮನ ಮಡಿಲಲ್ಲಿ ನೀಲಿಗಟ್ಟಿ ಮಲಗಿತ್ತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಭೀಮಕ್ಕ ಅದನ್ನು ಬಿಡಿಸಿದಳು, ಬೆನ್ನುಜ್ಜಿದಳು, ಪುಟ್ಟ ಬಾಯಿಗೆ ಬಾಯಿಟ್ಟು ಊದಿದಳು. ಊದಲು ಅವಳ ಎದೆಯಲ್ಲೇ ಉಸಿರಿರಲಿಲ್ಲ.

"ಸಾಕು ಬಿಡು, ಭೀಮಕ್ಕ," ಅಂದರು ಕೊಟ್ರಮ್ಮ.

ಆಮೇಲೆ ಬಡಾವಣೆಯವರು ದಿನ ತುಂಬಿದ ಹೆಣ್ಣುಮಕ್ಕಳನ್ನು ಕಾರಲ್ಲಿ ದಾವಣಗೆರೆಯ ಆಸ್ಪತ್ರೆಗೆ ಒಯ್ಯತೊಡಗಿದರು. ಕಾರಿಲ್ಲದವರೂ ಕಾರು ಕೊಂಡರು. ಭೀಮಕ್ಕನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಹೋಗುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ.