ಕೂಗುವವಳು, ಹಲಗೆ ಎತ್ತುವವನು

ಬೆಳಕು ಚಕ್ರ ತಿರುಗಿಸುವುದು ಆಗದ ಮಾತು ಎಂದವಳು ನಮ್ಮ ಅತ್ತೆ, ಅಪ್ಪನ ಅಕ್ಕ. ಮೊನ್ನೆ ಪಕ್ಕದ ಮನೆಯಲ್ಲಿ ರೇಡಿಯೊ ರಿಪೇರಿಯವನು ತಂತಿಗೆ ಬೆಸುಗೆ ಹಾಕುತ್ತಿದ್ದ. ಕಾದ ರಾಳದ ವಾಸನೆ ಬಂತು, ಅದರ ಹಿಂದೆ ಅತ್ತೆಯೂ ನೆನಪಿಗೆ ಬಂದಳು...

ತಾಯಿಯಿಲ್ಲದ ನನ್ನನ್ನು ನಮ್ಮೂರು ಮಿರ್ಲೆಯಲ್ಲಿ ಸಾಕಿದವಳು ಅವಳೇ. ಮಹಾರಾಜರ ಆಳ್ವಿಕೆಯ ಕಾಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೆ ಮೈಸೂರಿನಲ್ಲಿ ಕೊನೆಯ ವರ್ಷದ ಪ್ರಯೋಗ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದೆ. ಇನ್ನೊಮ್ಮೆ ಆದರೆ ಊರಿಗೆ ಬಂದು ನೇಗಿಲು ಹಿಡಿ ಎಂದಿದ್ದರು ಅಪ್ಪ.

ಈ ಸಲ ಮಾಡಿ ತೋರಿಸಬೇಕಾದದ್ದು ಇಷ್ಟು: ಬೆಳಕು ಬಿದ್ದರೆ ಪುಟ್ಟ ಮೋಟಾರು ತಿರುಗಬೇಕು, ನೆರಳಾದರೆ ನಿಲ್ಲಬೇಕು. ಬೆಳಕು ತಾಗಿದಾಗ ಕರೆಂಟು ಹರಿಯಬಿಡುವ ಸೆಲೆನಿಯಂ ಬಿಲ್ಲೆಯನ್ನು ಬ್ಯಾಟರಿಗೂ ಮೋಟಾರಿಗೂ ಸೇರಿಸಿದೆ. ಬೆಸೆದೆ, ಬಿಚ್ಚಿದೆ, ಮತ್ತೆ ಬೆಸೆದೆ. ಮೋಟಾರು ಮಿಸುಕಲಿಲ್ಲ. ಬಿಲ್ಲೆ ಬಿಡುತ್ತಿದ್ದ ಕರೆಂಟು ತೀರ ಕಡಿಮೆ. ಸೋತು ಊರಿಗೆ ಬಂದು ಅತ್ತೆಗೆ ಹೇಳಿಕೊಂಡೆ.

"ಬೆಳಕು ಎಲ್ಲಾದ್ರೂ ಚಕ್ರ ತಿರುಗಿಸ್ತದೇನ್ಲಾ? ಆಗಾಕಿಲ್ಲ ಬುಡು," ಎಂದಳು ಅತ್ತೆ. "ಗದ್ದೆ ತಾವ್ಕೆ ನಡಿ, ಇವತ್ತು ನಮ್ದು ನೀರಿನ ಸರದಿ."

ಬದುವಿನ ಮೇಲೆ ನಿಂತು ಅವಳು ಕಾಲುವೆಯ ನೀರು ಬಿಡುವ ನೀರುಗಂಟಿಯನ್ನು ಕೂಗಿದಳು. ಬಡಕಲು ದನಿ. ಆದರೂ ಅವನಿಗೆ ಕೇಳಿಸಿತು. ತೂಬಿನ ಹಲಗೆ ಎತ್ತಿದ, ಕಾಲುವೆ ನೀರು ಗದ್ದೆಗೆ ನುಗ್ಗಿತು.

"ನಿನ್ ದನೀಲಿ ಏನೂ ಶಕ್ತಿ ಇಲ್ವಲ್ಲತ್ತೆ," ಎಂದು ರೇಗಿಸಿದೆ.

"ಯಾಕ್ಲಾ ಬೇಕು ಶಕ್ತಿ? ಅಲಗೆ ಎತ್ತೋನು ಅವ್ನು ಕಣ್ಲಾ. ನಾನು ಬರೀ ಕೂಗೋಳು."

ಕೆಸರಿನಲ್ಲಿ ಹಾಗೇ ನಿಂತುಬಿಟ್ಟೆ. ನನ್ನ ಬಿಲ್ಲೆಯೂ ಕೂಗಿದ್ದರೆ ಸಾಕಿತ್ತು. ನಾನೋ ಅದರ ಕೈಲೇ ಹಲಗೆ ಎತ್ತಿಸಲು ಹೊರಟಿದ್ದೆ.

ಕಾಲೇಜಿಗೆ ಮರಳಿ, ತಂತಿ ಕಚೇರಿಗಳಲ್ಲಿ ಬಳಸುವಂಥ ಹಳೆಯ ರಿಲೇ ಒಂದನ್ನು ಕೇಳಿ ಪಡೆದೆ. ಬಿಲ್ಲೆಯ ಸಣ್ಣ ಕರೆಂಟಿಗೆ ರಿಲೇಯ ನಾಲಗೆ ಅಲುಗಿ ಬೇರೊಂದು ಬ್ಯಾಟರಿಯ ದಾರಿ ತೆರೆಯಿತು. ಮೋಟಾರು ತಿರುಗಿತು. ಪರೀಕ್ಷೆಯ ದಿನ ಪರೀಕ್ಷಕರು ಬಿಲ್ಲೆಗೆ ಅಂಗೈ ಅಡ್ಡ ಹಿಡಿದರು, ನಿಂತಿತು. ಕೈ ತೆಗೆದರು, ಮತ್ತೆ ತಿರುಗಿತು. ಪಾಸಾದೆ.

ಅತ್ತೆ ಹೋಗಿ ಎಷ್ಟೋ ವರ್ಷ... ಅವಳಿದ್ದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ನನಗೂ ಬೇಗ ದಣಿವಾಗುತ್ತದೆ, ಸಾಕು, ದಣಿವಾರಿಸಿಕೊ ಎನ್ನುವವರಿಲ್ಲ. ಅಂಥ ಹೊತ್ತಿನಲ್ಲಿ, ಪದವಿಪತ್ರ ತಂದು ಅವಳ ಕೈಗಿಟ್ಟ ದಿನವನ್ನು ನೆನೆಯುತ್ತೇನೆ. ಓದು ಬಾರದ ಅತ್ತೆ ಅದನ್ನು ಒಮ್ಮೆ ಸವರಿದಳು, ಆಮೇಲೆ ನನ್ನ ಮುಖವನ್ನೇ ನೋಡಿದಳು.

"ಕಣ್ಣು ಗುಳಿ ಬಿದ್ದೋಗವೆ ಕಣ್ಲಾ. ಇದ್ನ ನಾನ್ ಮಡಿಕಂಡಿರ್ತೀನಿ. ನೀನು ವಸಿ ಮಲಿಕ್ಕೊ, ಮಗ."