ಮೃದಂಗದ ಮೇಷ್ಟ್ರು ಮತ್ತು ಇಂಜಿನ್ನಿನ ಬಡಿತ

ಸ್ನೇಹಿತರೇ, ಇವತ್ತು ನನ್ನ ಡೀಸೆಲ್ ಪಿಕಪ್ ಗಾಡಿಯ ಇಂಜಿನ್ ಇಳಿಸುವುದೊಂದೇ ಬಾಕಿಯಿತ್ತು. ಇಳಿಸಿದ್ದರೆ ರಾಮನವಮಿಯ ಬಾಡಿಗೆಗಳೆಲ್ಲ ಕೈಬಿಟ್ಟಂತೆಯೇ.

ಹನುಮಂತನಗರದಿಂದ ಮೃದಂಗದ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದೆ ಸಂಗೀತ ಕಚೇರಿಯ ಜಮಖಾನೆ ಹೇರಿಕೊಂಡು ಜಯನಗರಕ್ಕೆ ಹೊರಟಿದ್ದೆ. ದಾರಿಯುದ್ದಕ್ಕೂ ಟಕ್ ಟಕ್ ಬಡಿತ. ದಾರಿಯಲ್ಲೇ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮೆಕ್ಯಾನಿಕ್ ಮುನಿಯಪ್ಪ ನಿಂತ ಗಾಡಿಯ ಇಂಜಿನ್ ಓಡಿಸಿ, ಅದಕ್ಕೆ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಗೆ ಕಿವಿಯಿಟ್ಟ. ಏನೂ ಕೇಳಲಿಲ್ಲ.

"ರೋಡಲ್ಲಿ ನೋಡಾನ ಸ್ವಾಮಿ" ಎಂದು ನಮ್ಮಿಬ್ಬರ ನಡುವೆ ತೂರಿಕೊಂಡ. ಗಾಡಿ ಹೊರಟಿತು, ಬಡಿತವೂ ಶುರುವಾಯಿತು.

"ಬೇರಿಂಗ್ ಹೋಗೈತೆ. ಇಂಜಿನ್ ಇಳಿಸ್ಬೇಕು."

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, "ಆದ್ರೂ ಲಯ ಮಾತ್ರ ಶುದ್ಧವಾಗಿದೆ" ಎಂದರು.

ನನಗೆ ಅನುಮಾನ ಬಂದು ಅವರ ಕಡೆಯ ಕನ್ನಡಿ ನೋಡಿದೆ. ಕಿಟಕಿಯಾಚೆ ಇಳಿಬಿಟ್ಟ ಕೈಯ ಉಂಗುರ ಬಾಗಿಲ ತಗಡಿನ ಮೇಲೆ ತಾಳ ಹಾಕುತ್ತಿತ್ತು.

"ಮೇಷ್ಟ್ರೇ, ಕೈ ಸ್ವಲ್ಪ ಒಳಗಿಟ್ಕೊಳ್ತೀರಾ?"

ಬಡಿತ ನಿಂತಿತು. ಮುನಿಯಪ್ಪ ರಸ್ತೆಬದಿಯ ಖಾಲಿ ಸೈಟುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಜಯನಗರದ ಏರಿನಲ್ಲಿ ಮತ್ತೆ ಟಕ್ ಟಕ್. ಇಬ್ಬರೂ ಮೇಷ್ಟ್ರ ಕಡೆ ತಿರುಗಿದೆವು. ಅವರು ಎರಡೂ ಕೈ ಎತ್ತಿ ತೋರಿಸಿದರು.

"ಇದು ನಾನಲ್ಲಪ್ಪ. ಇದರಲ್ಲಿ ತಾಳವೇ ಇಲ್ಲ."