ಸಿಟ್ಟಿನಲ್ಲಿ ಮಾರಿದ ಷೇರು

ಪಂಪು ತಯಾರಿಸುವ ಆ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಆಕೆಗೆ ‘ಇವತ್ತಿನಮ್ಮ’ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟ ಹೆಸರು ಮಾತ್ರ ಅಂಟಿಕೊಂಡಿತು. ಯಾವ ಷೇರು, ಯಾವ ಬಾಂಡಿನ ಕಾಗದ ಮುಂದೆ ಬಂದರೂ ಆಕೆಯ ಮೊದಲ ಪ್ರಶ್ನೆ ಒಂದೇ: “ಇವತ್ತು ಮಾರಿದರೆ ಎಷ್ಟು ಬರುತ್ತೆ?” ಕೊಂಡಾಗ ಎಷ್ಟು ಕೊಟ್ಟಿದ್ದರು ಎಂಬುದು ಆಕೆಗೆ ಬೇಡ, ಮುಂದೆ ಎಷ್ಟಾದೀತು ಎಂಬ ಆಸೆಯೂ ಬೇಡ. ಮನೆಯಲ್ಲೂ ಇದೇ ಕಥೆ. ಮದುವೆಯಾದ ಹೊಸದರಲ್ಲಿ ಗಂಡ ಆಸೆಪಟ್ಟು ತಂದ ಮರದ ಬೀರುವನ್ನು ಸುತ್ತು ಹಾಕಿ ನೋಡಿ, “ಅಂಗಡಿ ಬಾಗಿಲು ದಾಟಿದ ಕೂಡಲೇ ಅರ್ಧ ಬೆಲೆ ಹೋಯ್ತು” ಎಂದಿದ್ದಳಂತೆ. ಗಂಡ ಗಡಿಯಾರ ರಿಪೇರಿಯವನು, ತಾಳ್ಮೆಯ ಮನುಷ್ಯ. ಇಲ್ಲದಿದ್ದರೆ ಸಂಸಾರ ಆ ಬೀರುವಿನ ಹತ್ತಿರವೇ ನಿಂತುಬಿಡುತ್ತಿತ್ತು.

ಆಕೆಯ ಮೇಜಿನ ಮೇಲೆ ಮೂರು ಫೈಲುಗಳು. ಮೊದಲನೆಯದರಲ್ಲಿ ದಿನವೂ ಪೇಟೆಯಲ್ಲಿ ಕೈ ಬದಲಾಯಿಸುವ ಷೇರುಗಳು; ದರ ನೋಡಿ ಬರೆಯಲು ಕಣ್ಣಿದ್ದರೆ ಸಾಕು. ಎರಡನೆಯದರಲ್ಲಿ ತಮ್ಮದೇ ದರ ಇಲ್ಲದಿದ್ದರೂ ತಮ್ಮಂಥ ಇನ್ನೊಂದರ ದರ ಸಿಗುವ ಬಾಂಡುಗಳು. ಮೂರನೆಯದು ಬಲು ತೆಳು, ತಲೆನೋವೆಲ್ಲ ಅದರಲ್ಲೇ: ಪೇಟೆಯ ಮುಖವನ್ನೇ ನೋಡದ ಷೇರುಗಳು. ಅವುಗಳಿಗೆ ತಾವೇ ಯೋಚಿಸಿ ಬೆಲೆ ಕಟ್ಟಬೇಕು, ಹೇಗೆ ಕಟ್ಟಿದೆವು ಎಂಬುದನ್ನು ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಬಿಚ್ಚಿ ಹೇಳಬೇಕು. ಕೆಲಸ ಕಲಿಯಲು ಬಂದವರಿಗೆ ಆಕೆ ಹೇಳುತ್ತಿದ್ದುದು ಇಷ್ಟು: “ಮಾರೋರಿಗೆ ಅವಸರ ಇಲ್ಲ, ಕೊಳ್ಳೋರಿಗೂ ಇಲ್ಲ. ಇಬ್ಬರಿಗೂ ನಂಟಿಲ್ಲ, ಇಬ್ಬರಿಗೂ ವಿಷಯ ಗೊತ್ತಿದೆ. ಹಾಗಿದ್ದಾಗ ಇವತ್ತು ಎಷ್ಟಕ್ಕೆ ಕುದುರುತ್ತೋ ಅದೇ ನ್ಯಾಯವಾದ ಬೆಲೆ. ಮಿಕ್ಕಿದ್ದೆಲ್ಲ ನಮ್ಮ ಆಸೆ.”

ಆ ವರ್ಷ ಆಕೆಯೂ ಸೇರಿ ಆರು ಜನ ನಿವೃತ್ತರಾಗುವವರಿದ್ದರು. ಕಂಪನಿಯ ನೌಕರರ ನಿಧಿಯಲ್ಲಿ ಒಬ್ಬೊಬ್ಬರಿಗೂ ಪಾಲಿತ್ತು. ವರ್ಷದ ಕೊನೆಯ ದಿನ ನಿಧಿಯ ಆಸ್ತಿಗೆ ಎಷ್ಟು ಬೆಲೆಯೋ ಆ ಲೆಕ್ಕದಲ್ಲಿ ಹೋಗುವವರ ಪಾಲು ಕೈಗೆ ಬರುತ್ತಿತ್ತು. ನಿಧಿಯ ಅರ್ಧದಷ್ಟು ದುಡ್ಡು ಮೂರನೆಯ ಫೈಲಿನ ಒಂದೇ ಕಾಗದದಲ್ಲಿ ಕೂತಿತ್ತು: ಪಂಪಿಗೆ ಕಬ್ಬಿಣದ ಎರಕ ಹೊಯ್ದು ಕೊಡುವ, ಅಣ್ಣತಮ್ಮಂದಿರ ಸಣ್ಣ ಕಾರ್ಖಾನೆಯ ಷೇರುಗಳು. ಹಿಂದಿನ ವರ್ಷ ಆಕೆ ಕಟ್ಟಿದ್ದು ಷೇರಿಗೆ ಮುನ್ನೂರ ನಲವತ್ತು. ಅವಳ ಜೊತೆಗೇ ನಿವೃತ್ತನಾಗುವ ಕ್ಯಾಂಟೀನಿನ ಅಡುಗೆಯವನು ಅದೇ ಲೆಕ್ಕ ಹಿಡಿದು, ಸ್ವಂತ ಹೋಟೆಲು ಹಾಕಲು ಬಸ್ ನಿಲ್ದಾಣದ ಪಕ್ಕ ಒಂದು ಮಳಿಗೆಯನ್ನೂ ನೋಡಿಟ್ಟಿದ್ದ. “ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಬೇಡಪ್ಪ” ಎಂದು ಆಕೆ ಹೇಳಿದರೆ, “ಸೂಲಗಿತ್ತಿ ನೀವೇ ತಾನೇ ಅಕ್ಕ” ಎಂದು ನಕ್ಕಿದ್ದ.

ವರ್ಷ ಮುಗಿದ ವಾರದಲ್ಲೇ ಹಣಕಾಸು ಮ್ಯಾನೇಜರು ಒಂದು ಕಾಗದ ಹಿಡಿದು ಬಂದ. ವಯಸ್ಸಿನಲ್ಲಿ ಆಕೆಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕುರ್ಚಿ ಎಳೆದುಕೊಳ್ಳುವಾಗಲೂ ಅದರ ಕ್ಷಮೆ ಕೇಳುವಷ್ಟು ಮೆತ್ತಗಿನವನು.

“ಮೇಡಂ, ಈ ಸಲ ನಿಮಗೆ ಕಷ್ಟಾನೇ ಇಲ್ಲ. ಎರಕದ ಕಾರ್ಖಾನೆಯ ತಮ್ಮ ಹೋದ ತಿಂಗಳು ತನ್ನ ಷೇರು ಮಾರಿದ್ದಾರೆ. ಇನ್ನೂರ ಹತ್ತಕ್ಕೆ. ನಡೆದಿರೋ ವ್ಯಾಪಾರ, ಕಾಗದಾನೂ ಇದೆ. ಅದನ್ನೇ ಹಾಕಿಬಿಡಿ.”

“ಕೊಂಡೋರು ಯಾರು ಸರ್?”

“ಅವರಣ್ಣಾನೇ.” ದನಿ ತಗ್ಗಿಸಿದ. “ನೀವು ಜಾಸ್ತಿ ಹಾಕಿದ್ರೂ ನಾನು ನಂಬ್ತೀನಿ. ಆದರೆ ನಾಲ್ಕು ಜನ ಏನಂತಾರೆ? ಹೋಗೋವಾಗ ತನಗೆ ತಾನೇ ಲಾಭ ಮಾಡ್ಕೊಂಡು ಹೋದ್ರು ಅಂತಾರೆ.”

ಆ ಮಾತು ನೇರ ಎದೆಗೆ ನಾಟಿತು. ಮೂವತ್ತೆರಡು ವರ್ಷ ಒಂದು ಚುಕ್ಕೆ ಬೀಳದಂತೆ ಕಾಪಾಡಿದ ಹೆಸರು. ಬೇರೆ ವರ್ಷವಾಗಿದ್ದರೆ ಅಣ್ಣ ತಮ್ಮನಿಂದ ಕೊಂಡದ್ದೆಂದು ಕೇಳಿದ ತಕ್ಷಣ ಬಸ್ಸು ಹತ್ತಿ ಹೋಗಿ ವಿಚಾರಿಸುತ್ತಿದ್ದಳು. ಈ ವರ್ಷ ವಿಚಾರಿಸಲು ಹೆದರಿಕೆಯಾಯಿತು. ಇನ್ನೂರ ಹತ್ತು ಎಂದು ಬರೆದುಬಿಟ್ಟರೆ ತನ್ನ ಪಾಲೂ ಕರಗುತ್ತದೆ, ಕರಗಿದರೆ ಕರಗಲಿ, ಯಾರೂ ಬೆರಳು ತೋರಿಸುವಂತಿಲ್ಲ ಎಂದು ಲೆಕ್ಕ ಹಾಕಿದಳು. ನೋಡಿ, ಲೆಕ್ಕ ಬಲ್ಲವರು ತಪ್ಪು ಮಾಡುವುದೂ ಲೆಕ್ಕ ಹಾಕಿಯೇ.

ಸಂಜೆ ಗಂಡನ ಅಂಗಡಿಯ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿಕೊಂಡಳು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದ.

“ನನ್ನ ದುಡ್ಡು ಹೋದ್ರೆ ಹೋಗಲಿ ಬಿಡಿ, ಹೆಸರು ಉಳಿಯುತ್ತೆ” ಎಂದಳು.

“ನಿನ್ನ ದುಡ್ಡು ಮಾತ್ರ ಹೋಗೋದಾಗಿದ್ರೆ ನಾನೂ ಹೂಂ ಅಂತಿದ್ದೆ ಕಣೇ” ಎಂದ ಅವನು, ತಲೆ ಎತ್ತದೆ. “ಆ ಅಡುಗೆಯವನದ್ದೂ ಹೋಗುತ್ತಲ್ಲ? ನಿನ್ನ ಹೆಸರಿನ ಖರ್ಚು ಅವನ ಕೈಲಿ ಯಾಕೆ ಕೊಡಿಸ್ತೀಯ?”

ಆಕೆಗೆ ರೇಗಿತು. ಗಂಡ ಸರಿಯಾದ ಮಾತು ಆಡಿದಾಗಲೆಲ್ಲ ಆಕೆಗೆ ರೇಗುತ್ತಿತ್ತು. ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಷೇರು ಮಾರಿದ ತಮ್ಮನ ಮನೆಗೆ ಹೊರಟಳು.

ಆ ಮನುಷ್ಯ ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ಬಂದ ಕಾರಣ ಕೇಳಿ ಮೊದಲು ಮುಖ ಕೆಂಪಾಯಿತು, ಆಮೇಲೆ ನಗು ಬಂತು. “ಕುಲುಮೆ ರಿಪೇರಿ ವಿಷಯಕ್ಕೆ ನನಗೂ ಅಣ್ಣನಿಗೂ ಜಗಳ ಆಯ್ತು ನೋಡಿ. ಮಾತಿಗೆ ಮಾತು ಬೆಳೀತು. ನಿನ್ನ ಕಾರ್ಖಾನೇನೂ ಬೇಡ, ನಿನ್ನ ಮುಖಾನೂ ಬೇಡ, ಎಷ್ಟಾದ್ರೂ ಕೊಡು ಅಂದೆ. ಇನ್ನೂರ ಹತ್ತು ಅಂದ. ಮೆಟ್ಟಿಲ ಮೇಲೆ ನಿಂತೇ ಸಹಿ ಹಾಕ್ದೆ. ಹತ್ತು ನಿಮಿಷಾನೂ ಹಿಡೀಲಿಲ್ಲ.”

“ಬೇರೆ ಯಾರನ್ನಾದ್ರೂ ಕೇಳಿದ್ರಾ?”

“ಕೇಳೋಕೆ ಬುದ್ಧಿ ಎಲ್ಲಿತ್ತು? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತಾ?” ಎಂದು ತನ್ನ ಮೂಗನ್ನೇ ಮುಟ್ಟಿ ತೋರಿಸಿದ. ಅವನ ಹೆಂಡತಿ ಬಾಗಿಲಿನಿಂದ, “ಈಗ ಇಬ್ಬರೂ ಮಾತಾಡ್ತಾರೆ, ಷೇರಿನ ಮಾತು ಬಿಟ್ಟು” ಎಂದಳು. ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಡಲು ಅವನು ತಕರಾರು ಮಾಡಲಿಲ್ಲ.

ಆಮೇಲಿನ ಎರಡು ದಿನ ಆಕೆ ಸುಖವಾಗಿದ್ದಳು. ಕೆಲಸ ಗೊತ್ತಿದ್ದವರಿಗೆ ಕೆಲಸ ಕೊಡುವ ಸುಖ ಅದು. ಅಂಥದ್ದೇ ಎರಕದ ನಾಲ್ಕು ಕಾರ್ಖಾನೆಗಳ ಷೇರು ಪೇಟೆಯಲ್ಲಿದ್ದವು. ಅವು ವರ್ಷದ ಲಾಭದ ಸುಮಾರು ಎಂಟು ಪಟ್ಟಿಗೆ ಮಾರಾಟವಾಗುತ್ತಿದ್ದವು. ಈ ಕಾರ್ಖಾನೆಯ ಲಾಭ ಷೇರಿಗೆ ಐವತ್ತರಿಂದ ನಲವತ್ತೈದಕ್ಕೆ ಇಳಿದಿತ್ತು. ಎಂಟು ನಲವತ್ತೈದ್ಲ ಮುನ್ನೂರ ಅರವತ್ತು. ಬೇಕೆಂದಾಗ ಗಿರಾಕಿ ಸಿಗದ ಷೇರೆಂದು, ಪ್ರತಿ ವರ್ಷದಂತೆ, ಅದರಲ್ಲಿ ಐದನೆಯ ಒಂದು ಪಾಲು ಕಳೆದಳು. ಇನ್ನೂರ ಎಂಬತ್ತೆಂಟು. ಮೂರು ಸಲ ಕೂಡಿ ಕಳೆದರೂ ಅಷ್ಟೇ ಬಂತು.

ಟಿಪ್ಪಣಿಯಲ್ಲಿ ಎಲ್ಲ ಬರೆದಳು. ಎಂಟು ಪಟ್ಟು ಯಾಕೆ, ಐದನೆಯ ಒಂದು ಪಾಲು ಕಳೆದದ್ದು ಯಾಕೆ, ಇನ್ನೂರ ಹತ್ತರ ವ್ಯಾಪಾರವನ್ನು ಬಿಟ್ಟದ್ದು ಯಾಕೆ. ಕೊನೆಯ ಸಾಲು: ಈ ಬೆಲೆ ಕಟ್ಟಿದವಳಿಗೂ ಈ ನಿಧಿಯಲ್ಲಿ ಪಾಲಿದೆ, ಮುಂದಿನ ತಿಂಗಳು ಆಕೆ ಅದನ್ನು ಪಡೆಯುತ್ತಾಳೆ. ಮ್ಯಾನೇಜರು ಎರಡು ಸಲ ಓದಿದ.

“ಈ ಕೊನೇ ಸಾಲು ಬೇಕಾ ಮೇಡಂ?”

“ನಾಲ್ಕು ಜನ ಏನಂತಾರೆ ಅಂದ್ರಲ್ಲ ಸರ್, ಅವರಿಗೆ ಹುಡುಕೋ ಕಷ್ಟ ಬೇಡ ಅಂತ ನಾನೇ ಬರೆದಿದ್ದೀನಿ.”

ಅವನು ನಕ್ಕು ಟಿಪ್ಪಣಿಯನ್ನು ಮುಂದಕ್ಕೆ ಕಳಿಸಿದ. ಲೆಕ್ಕ ಪರಿಶೋಧಕರು ಲೆಕ್ಕವನ್ನೆಲ್ಲ ಮತ್ತೆ ಹಾಕಿದರು, ಷೇರು ಮಾರಿದ ತಮ್ಮನಿಗೂ ಫೋನು ಮಾಡಿದರು, ಒಪ್ಪಿದರು.

ಇನ್ನು ಉಳಿದದ್ದು ಅಡುಗೆಯವನಿಗೆ ಹೇಳುವುದು. ಊಟದ ಗದ್ದಲ ಮುಗಿದ ಮೇಲೆ ಕ್ಯಾಂಟೀನಿಗೆ ಹೋದಳು. ಅಂಕಿ ಕೇಳಿ ಅವನ ಮುಖ ಇಳಿಯಿತು.

“ಷೇರಿಗೆ ಐವತ್ತೆರಡು ಕಡಿಮೆ! ಅಕ್ಕ, ಸೌಟು ನಿಮ್ಮ ಕೈಲೇ ಇತ್ತಲ್ಲ?”

“ಸೌಟು ನನ್ನ ಕೈಲಿತ್ತು, ಪಾತ್ರೆ ಎಲ್ಲರದ್ದು. ನಾವು ಆರು ಜನ ಜಾಸ್ತಿ ಬಡಿಸ್ಕೊಂಡು ಎದ್ದರೆ, ಆಮೇಲೆ ಕೂರೋ ಪಂಕ್ತಿಗೆ ಏನುಳಿಯುತ್ತೆ? ನೀನೇ ಹೇಳು, ನಿನಗೆ ಗೊತ್ತಿಲ್ಲದ್ದಾ?”

ಗೊತ್ತಿತ್ತು. ಇಪ್ಪತ್ತೆಂಟು ವರ್ಷ ದಿನವೂ ಮುನ್ನೂರು ಜನಕ್ಕೆ ಬಡಿಸಿದವನು, ಕೊನೆಗೆ ಬಂದವನನ್ನು ಒಂದು ದಿನವೂ ಖಾಲಿ ತಟ್ಟೆ ಹಿಡಿದು ನಿಲ್ಲಿಸಿರಲಿಲ್ಲ. ಹೆಗಲ ಮೇಲಿನ ಬಟ್ಟೆ ತೆಗೆದು ಮೇಜು ಒರೆಸಿದ. ಮುಂಭಾಗದ ಮಳಿಗೆ ಆಗದು, ಹಿಂದಿನ ಸಾಲಿನದು ಸಿಕ್ಕರೆ ಸಾಕು, ಕೈರುಚಿ ಇದ್ದರೆ ಜನ ಹಿಂದಕ್ಕೂ ಬರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಆಕೆಯ ಮುಖ ನೋಡಿದ.

“ನೀವು ಇನ್ನೂರ ಹತ್ತು ಬರೆದಿದ್ರೆ ಆಫೀಸಿನೋರೆಲ್ಲ ನಿಮ್ಮನ್ನ ದೇವರಂಥೋರು ಅಂತಿದ್ರು. ಮುನ್ನೂರ ನಲವತ್ತು ಬರೆದಿದ್ರೆ ನಾವು ಐದು ಜನ ಅಂತಿದ್ವಿ. ಈಗ ನೋಡಿ ಅಕ್ಕ, ಯಾರೂ ಅನ್ನಲ್ಲ.”

“ಸದ್ಯ” ಎಂದಳು ಆಕೆ, ಬೆಂಚಿನ ಮೇಲೆ ಕಾಲು ಚಾಚಿ ಕೂತುಕೊಳ್ಳುತ್ತ. “ಮನುಷ್ಯಳಾಗೇ ಮನೆಗೆ ಹೋಗ್ತೀನಿ.”